ಪ್ರವೇಶದಿಂದ ಪಾಠ: ವಿಶ್ವವಿದ್ಯಾಲಯದ ರಂಗತರಗತಿಯಲ್ಲಿ ಮೂಡಲಪಾಯ

ಪದವಿ ತರಗತಿಯ ನಾಟಕ ಪ್ರಯೋಗಕ್ಕೆ ಪರಂಪರೆಯನ್ನು ತರಬೇಕೆಂದಾಗ ಬಹುಪಾಲು ವಿಭಾಗಗಳು ಮೊದಲು ಹುಡುಕುವುದು ಬಾಡಿಗೆಯ ಕಿರೀಟ, ಭುಜಕೀರ್ತಿಗಳನ್ನು. ವೇಷವನ್ನು ಕೊನೆಗಿಟ್ಟು, ಪಾತ್ರವು ರಂಗಕ್ಕೆ ಬರುವ ಕ್ರಮದಿಂದ ಪಾಠ ಆರಂಭಿಸುವುದೇ ಸರಿಯಾದ ದಾರಿ.

ಒಂದು ಸೆಮಿಸ್ಟರಿಗೆ ಒಂದೇ ಪ್ರಕಾರ ಸಾಕು. ಬಯಲಾಟ, ತೊಗಲುಗೊಂಬೆಯಾಟ, ದಾವಣಗೆರೆಯ ಕಂಪನಿ ನಾಟಕ ಎಲ್ಲವನ್ನೂ ಒಟ್ಟಿಗೆ ತುರುಕಿದರೆ ವಿದ್ಯಾರ್ಥಿಗೆ ಹೆಸರುಗಳಷ್ಟೇ ದಕ್ಕುತ್ತವೆ. ಇಲ್ಲಿ ಬಯಲುಸೀಮೆಯ ಬಯಲಾಟದ ಪ್ರಕಾರವಾದ ಮೂಡಲಪಾಯವನ್ನು ಆರಿಸಿಕೊಂಡಿದ್ದೇವೆ ಎಂದುಕೊಳ್ಳೋಣ. ಆಟ ಕಲಿಸಿ ಅನುಭವವಿರುವ ಭಾಗವತರೊಬ್ಬರನ್ನು (ಹಾಡಿ ಆಟವನ್ನು ನಡೆಸುವವರನ್ನು) ಗೌರವಧನ ಕೊಟ್ಟು ಕರೆಸಬೇಕು. ಅವರನ್ನು ಒಂದು ಉಪನ್ಯಾಸಕ್ಕೆ ಸೀಮಿತಗೊಳಿಸದೆ, ಮುಖವೀಣೆ ಎಂಬ ಊದುವ ವಾದ್ಯ ಮತ್ತು ಮದ್ದಳೆ ನುಡಿಸುವವರೊಂದಿಗೆ ಹಲವು ವಾರ ತರಗತಿಯಲ್ಲಿರುವಂತೆ ನೋಡಿಕೊಳ್ಳಬೇಕು.

ಬಯಲಾಟದ ಪಾತ್ರವು ಹಿಡಿದ ತೆರೆಯ ಹಿಂದಿನಿಂದ ಕುಣಿಯುತ್ತ ಬಂದಾಗ ಸಾರಥಿ ಎಂಬ ಹಾಸ್ಯ ಪಾತ್ರಧಾರಿ ಅದರ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ಪಾತ್ರ ತನ್ನ ಬಿರುದನ್ನು ತಾನೇ ಹೇಳಿಕೊಳ್ಳುತ್ತದೆ. ಸೇವಕನಂತೆ ಕಂಡರೂ ಸಾರಥಿಯು ಪ್ರೇಕ್ಷಕರ ಅನುಮಾನಕ್ಕೆ ಬಾಯಾಗುವವನು, ರಾಜನನ್ನು ಎದುರಿಗೇ ಗೇಲಿ ಮಾಡಬಲ್ಲವನು. ಮೊದಲು ವಿದ್ಯಾರ್ಥಿಗಳು ತಾಳಕ್ಕೆ ಹೆಜ್ಜೆ ಹಾಕಿ ಈ ಪ್ರವೇಶವನ್ನು ಯಥಾವತ್ತಾಗಿ ಕಲಿಯಲಿ. ಆಮೇಲೆ 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾದ ಸಂದರ್ಭವನ್ನು ಕೊಟ್ಟು, ಅಲ್ಲಿನ ಪಾಳೆಯಗಾರ ಮದಕರಿ ನಾಯಕನನ್ನೂ ಹೈದರನನ್ನೂ ಸಾರಥಿ ಒಂದೇ ಪ್ರಶ್ನೆಗಳಿಂದ ವಿಚಾರಿಸುವ ದೃಶ್ಯ ಬರೆಸಬೇಕು. ಇಬ್ಬರ ಉತ್ತರದಲ್ಲಿ ಬಡಾಯಿ ಎಲ್ಲಿ, ಭಯ ಎಲ್ಲಿ ಎಂಬುದನ್ನು ಹುಡುಕುವಾಗಲೇ ನಟನಿಗೆ ಪಾತ್ರ ಸಿಗುತ್ತದೆ. ಕೋಟೆಯ ಶೌರ್ಯವನ್ನು ಹೊಗಳುವ ಭಾಷಣದಿಂದ ಇದು ಸಾಧ್ಯವಾಗದು.

ಅಭ್ಯಾಸ ಬಯಲಿನಲ್ಲೇ, ಮೈಕ್ ಇಲ್ಲದೆ ನಡೆಯಲಿ. ಕೋಟೆಯೊಳಗೆ ಆಡುವ ಆಸೆಯಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮುಂಚಿತವಾಗಿ ಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರವನ್ನು ಒಮ್ಮೆ ತೋರಿಸಿದರೆ ತೆರೆದ ರಂಗದಲ್ಲಿ ಧ್ವನಿ ಮತ್ತು ನೋಟದ ಅಳತೆ ಬೇಗ ತಿಳಿಯುತ್ತದೆ.

ಎಲ್ಲ ಪರಂಪರೆಯೂ ರಂಗಪರಿಕರವಲ್ಲ. ಪಶುಪಾಲಕ ಸಮುದಾಯವಾದ ಕಾಡುಗೊಲ್ಲರು ದೈವವೆಂದು ನಂಬುವ ಜುಂಜಪ್ಪನ ಕಾವ್ಯ ಮತ್ತು ಅದರೊಂದಿಗಿನ ಗಣೆ ಎಂಬ ಕೊಳಲು ಆರಾಧನೆಗೆ ಸೇರಿದವು. ಸಮುದಾಯದ ಹಿರಿಯರು ಒಪ್ಪದಿದ್ದರೆ ಅವುಗಳನ್ನು ಬಿಟ್ಟುಬಿಡಬೇಕು.

ಅಂಕಗಳಲ್ಲಿ ಒಂದು ಪಾಲನ್ನು ಪ್ರದರ್ಶನಕ್ಕಲ್ಲದೆ ಅಭ್ಯಾಸದ ದಿನಚರಿಗೆ ಮೀಸಲಿಡಿ, ಇನ್ನೊಂದು ಪಾಲನ್ನು ಭಾಗವತರೇ ಕೊಡಲಿ. ಚಿತ್ರೀಕರಿಸಿಕೊಂಡ ಪಾಠಗಳ ಒಂದು ಪ್ರತಿಯನ್ನು ಮೇಳಕ್ಕೆ ತಲುಪಿಸಿ, ಪ್ರಯೋಗದ ಕರಪತ್ರದಲ್ಲಿ ನಿರ್ದೇಶಕರ ಹೆಸರಿನ ಪಕ್ಕದಲ್ಲೇ ಕಲಿಸಿದವರ ಹೆಸರನ್ನೂ ಮುದ್ರಿಸಬೇಕು.