ಜಮಾಖರ್ಚಿನ ಪುಸ್ತಕದಲ್ಲಿ ಸಿಕ್ಕ ರಾಜಕುಮಾರ

ಜರ್ಮನಿಯ ಕೊನೆಯ ಚಕ್ರವರ್ತಿಯ ಮೊಮ್ಮಗ, ಪ್ರಷ್ಯದ ಲೂಯಿ ಫರ್ಡಿನಾಂಡನ ಜೀವನವನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದಾಗ ಗೆಳೆಯರು ನಕ್ಕರು. 'ಎಲ್ಲಿಯದೋ ಪಟ್ಟ ಹೋದ ಮನೆತನ ಕಟ್ಟಿಕೊಂಡು ನಮಗೇನಾಗಬೇಕು?' ಎಂದವರೇ ಹೆಚ್ಚು. ಇಬ್ಬರು ಸಂಪಾದಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಮೂರನೆಯವರು ಹನ್ನೊಂದು ಕಂತುಗಳಲ್ಲಿ ಅಚ್ಚು ಹಾಕಿದರು. ಓದುಗರ ಪತ್ರಗಳು ನಲವತ್ತರ ಮೇಲೆ ಬಂದವು. ನಕ್ಕವರಲ್ಲಿ ಒಬ್ಬರು ಈಗ ಬವೇರಿಯದ ರಾಜಮನೆತನದ ಬಗ್ಗೆ ಬರೆಯಲು ಕುಳಿತಿದ್ದಾರೆ.

ಮೊದಲ ಕರಡನ್ನು ವಂಶವೃಕ್ಷವೇ ನುಂಗಿತು. ತಾತ ವಿಲ್ಹೆಲ್ಮ್, ತಂದೆ ವಿಲ್ಹೆಲ್ಮ್, ಅಣ್ಣನೂ ವಿಲ್ಹೆಲ್ಮ್. 'ಈಗ ದೇಶ ಬಿಟ್ಟು ಓಡಿದ್ದು ಯಾವ ವಿಲ್ಹೆಲ್ಮ್?' ಎಂದು ಹೆಂಡತಿ ಕೇಳಿದ ದಿನವೇ ಎಂಬತ್ತು ಪುಟ ರದ್ದಿಗೆ ಹೋಯಿತು. ಎರಡನೆಯ ಕರಡಿನಲ್ಲಿ ಯುದ್ಧ, ಒಪ್ಪಂದ ಎಲ್ಲ ಇದ್ದವು, ರಾಜಕುಮಾರನೇ ಇರಲಿಲ್ಲ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಜರ್ಮನ್ ಪಾಠಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಹಳೆಯ ಪುಸ್ತಕಗಳಿಗೆ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚು. ನಾಲ್ಕು ಸಾವಿರ ಕೊಟ್ಟು ತರಿಸಿದ ಒಂದು ಪುಸ್ತಕ ಬೇರೆ ಲೂಯಿ ಫರ್ಡಿನಾಂಡನದು! 1806ರಲ್ಲಿ ಸಾಲ್‌ಫೆಲ್ಡ್ ಕದನದಲ್ಲಿ ಸತ್ತವನು. ಅವನೂ ಪ್ರಷ್ಯದ ರಾಜಕುಮಾರ, ಅವನೂ ಸಂಗೀತ ರಚಿಸುತ್ತಿದ್ದ, ನಮ್ಮವನೂ ರಚಿಸುತ್ತಿದ್ದ. ಹಳೆಯ ಜರ್ಮನ್ ಅಚ್ಚಿನ 's' ನನ್ನ ಕಣ್ಣಿಗೆ 'f' ಆಗಿ ಕಾಣುತ್ತಿದ್ದ ಕಾಲ ಅದು. ಮೂವತ್ತು ಪುಟ ಓದುವವರೆಗೂ ಗೊತ್ತಾಗಲಿಲ್ಲ.

ದಾರಿ ಸಿಕ್ಕಿದ್ದು ನಮ್ಮ ಮನೆಯ ಜಮಾಖರ್ಚಿನ ಪುಸ್ತಕದಿಂದ. ಅದರ ಹಾಗೆ ಲೂಯಿಗೂ ಒಂದು ಲೆಕ್ಕ ಇಟ್ಟೆ. ವರ್ಷಕ್ಕೊಂದು ಸಾಲು, ಎರಡೇ ಕಲಮು: ಎಡಕ್ಕೆ 'ಸೂರು', ಬಲಕ್ಕೆ 'ಅನ್ನದ ದಾರಿ'. ಅವನು ಎಲ್ಲಿ ಮಲಗಿದ, ಯಾರ ದುಡ್ಡಿನಲ್ಲಿ ಉಂಡ, ಇಷ್ಟು ಮಾತ್ರ. ಬಿರುದುಬಾವಲಿಗಳಿಗೆ ಕಲಮೇ ಇಲ್ಲ.

ಅಲ್ಲಿಂದ ಬರವಣಿಗೆ ತಾನೇ ಓಡಿತು. 1918ರ ನವೆಂಬರ್ 9, ಲೂಯಿಯ ಹನ್ನೊಂದನೆಯ ಹುಟ್ಟುಹಬ್ಬ. ಅದೇ ದಿನ ಬರ್ಲಿನ್ನಿನಲ್ಲಿ ತಾತ ಕೈಸರನ, ಅಂದರೆ ಚಕ್ರವರ್ತಿಯ, ಪದತ್ಯಾಗದ ಘೋಷಣೆ. ತಾತ ಹಾಲೆಂಡಿಗೆ ಹೋದ. ಹಿಂದೆಯೇ ಐವತ್ತೊಂಬತ್ತು ರೈಲು ಡಬ್ಬಿಗಳಲ್ಲಿ ಸಾಮಾನು ಹೋಯಿತು. ಬಲಗಡೆಯ ಕಲಮು ತುಂಬಿದ್ದು 1926ರಲ್ಲಿ. ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳಬೇಕೇ ಎಂದು ಜನಮತ ಕೇಳಿದರು. ಬೇಕು ಎಂದವರು ಸುಮಾರು ಒಂದೂವರೆ ಕೋಟಿ, ಬೇಕಿದ್ದದ್ದು ಎರಡು ಕೋಟಿಯ ಹತ್ತಿರ. ಕಾಡಿನೆನ್ ಎಸ್ಟೇಟು ಮನೆತನಕ್ಕೆ ಉಳಿಯಿತು. 1945ರಲ್ಲಿ ರಷ್ಯದ ಸೈನ್ಯ ಬಂದಾಗ ಅದೂ ಹೋಯಿತು. ನಮ್ಮಲ್ಲಿ 1971ರಲ್ಲಿ ರಾಜಧನ ನಿಂತದ್ದನ್ನು ಕಂಡವರಿಗೆ ಈ ಕಂತನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಲೂಯಿ ಡಾಕ್ಟರೇಟ್ ಮಾಡಿ ಡೆಟ್ರಾಯಿಟ್‌ಗೆ ಹೋಗಿ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಕಂತಿಗೇ ಹೆಚ್ಚು ಪತ್ರಗಳು ಬಂದದ್ದು. 1933ರಲ್ಲಿ ಅಣ್ಣ ರಾಜವಂಶದ ಹೊರಗಿನ ಹೆಣ್ಣನ್ನು ಮದುವೆಯಾಗಲು ಹಕ್ಕು ಬಿಟ್ಟುಕೊಟ್ಟ. ಇಲ್ಲದ ಸಿಂಹಾಸನದ ಸರದಿ ತಮ್ಮನಿಗೆ ಬಂತು. ಅದನ್ನು ಯಾವ ಕಲಮಿನಲ್ಲಿ ಬರೆಯುವುದು? ಎರಡರಲ್ಲೂ ಕೂರಲಿಲ್ಲ. ಎರಡು ದಿನ ಯೋಚಿಸಿ ಖರ್ಚು ಎಂದು ಬರೆದೆ.

'ಪ್ರಿನ್ಸ್' ಎಂಬ ಪದವೂ ಕಾಡಿತು. 1919ರ ಜರ್ಮನ್ ಸಂವಿಧಾನದ 109ನೆಯ ವಿಧಿ ಬಿರುದುಗಳನ್ನು ಹೆಸರಿನ ಭಾಗವಾಗಿಸಿತು, ಅಂದರೆ ನಮ್ಮ 'ಪಾಟೀಲ'ನ ಹಾಗೆ. ಅಲ್ಲಿಯವರೆಗೆ 'ರಾಜಕುಮಾರ' ಎಂದು ಬರೆದು, ಆಮೇಲೆ ಅನುವಾದಿಸದೆ 'ಪ್ರಿನ್ಸ್' ಎಂದೇ ಉಳಿಸಿದೆ. ಒಬ್ಬ ಓದುಗರೂ ತಡವರಿಸಲಿಲ್ಲ. ಮೂವರು ವಿಲ್ಹೆಲ್ಮರನ್ನು ಬೇರ್ಪಡಿಸಿದ ಉಪಾಯವನ್ನು ಮಾತ್ರ ಹೇಳುವುದಿಲ್ಲ. ಮುಂದಿನ ಪುಸ್ತಕಕ್ಕೆ ಅದು ಬೇಕು.

ಕಂತಿಗೆ ಏಳುನೂರರಂತೆ ಬಂತು. ಅರ್ಧದಷ್ಟು ಖರ್ಚೂ ಹುಟ್ಟಿಲ್ಲ.

ನಡುವೆ ತಮಾಷೆಗೆಂದು ಇದೇ ಲೆಕ್ಕವನ್ನು ಹದಿನೆಂಟನೆಯ ಶತಮಾನದ ಪ್ರಷ್ಯದ ದೊರೆ ಮಹಾ ಫ್ರೆಡರಿಕ್‌ನ ಶವಪೆಟ್ಟಿಗೆಗೂ ಹಾಕಿ ನೋಡಿದೆ. ಪೋಟ್ಸ್‌ಡಾಮ್, ಉಪ್ಪಿನ ಗಣಿ, ಮಾರ್ಬುರ್ಗ್, ಹೊಹೆನ್‌ಜೊಲರ್ನ್ ಕೋಟೆ, 1991ರ ಆಗಸ್ಟ್ 17ಕ್ಕೆ ಮತ್ತೆ ಪೋಟ್ಸ್‌ಡಾಮಿನ ಸಾನ್ಸೂಸಿ ಅರಮನೆ. ಆಗ ಲೂಯಿಗೆ 83. ಬ್ರೆಮೆನ್ನಿನಲ್ಲಿ ವಾಸವಾಗಿದ್ದ. ಎಡಗಡೆಯ ಕಲಮು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಉದ್ದ ಬಂತು. ಬಲಗಡೆಯದು ಶವಪೆಟ್ಟಿಗೆಗೆ ಖಾಲಿ. ಸಂಪಾದಕರು ಅದಕ್ಕೆ ಜಾಗವಿಲ್ಲ ಎಂದರು. ಆ ನಾಲ್ಕು ಪುಟ ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ.