ಹನ್ನೊಂದು ಮೆಥಡ್ ಒಂದಾಗಿದ್ದು: ಅಡಿಕೆ ವಖಾರಿಯ ತಕ್ಕಡಿಗೆ ಬರೆದ ಇಂಟರ್‌ಫೇಸ್

‘ಇರೋದೇ ಎರಡು ತಕ್ಕಡಿ, ಅದಕ್ಕೊಂದು ಇಂಟರ್‌ಫೇಸ್ ಬೇರೆ ಕೇಡು’ ಅಂದಿದ್ದ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯ. ಇಂಟರ್‌ಫೇಸ್ ಅಂದರೆ ಕೋಡಿನಲ್ಲಿ ಬರೆದ ಕರಾರು: ತಕ್ಕಡಿ ಯಾವುದೇ ಇರಲಿ, ಇಂತಿಂಥ ಕೆಲಸ (ಮೆಥಡ್) ಮಾಡಿಕೊಡಬೇಕು ಅಂತ. ಈಗ ತಕ್ಕಡಿಗಳು ಏಳು ಜಾತಿಯವು, ವಖಾರಿಗಳು ಇಪ್ಪತ್ತರ ಮೇಲೆ. ಬಿಲ್ ಮಾಡುವ ಕ್ಲಾಸನ್ನು, ಅಂದರೆ ಪ್ರೋಗ್ರಾಂನ ಆ ತುಂಡನ್ನು, ನಾನು ಹೆಚ್ಚುಕಡಿಮೆ ಎರಡು ವರ್ಷದಿಂದ ಮುಟ್ಟಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಶಿರಸಿ ಕಡೆಯ ವಖಾರಿಗಳಿಗೆ ಜಾವಾ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುತ್ತೇನೆ. ಚೀಲ ತಕ್ಕಡಿ ಮೇಲೆ ಕೂತರೆ ತೂಕ ಸೀರಿಯಲ್ ಕೇಬಲ್ಲಿನಲ್ಲಿ ಬಂದು ಬಿಲ್ಲಿಗೆ ಬೀಳಬೇಕು, ಅಷ್ಟೇ. ಮೊದಲ ಸಲ ಎಲ್ಲರಂತೆ ಇಫ್-ಎಲ್ಸ್ ಹಾಕಿದೆ: ಈ ತಕ್ಕಡಿಯಾದರೆ ಹೀಗೆ ಓದು, ಇಲ್ಲವಾದರೆ ಹಾಗೆ. ಎರಡು ತಕ್ಕಡಿಗೆ ನಡೆಯಿತು. ಮೂರನೆಯದು ಅಂಕಿಗಳನ್ನು ಹಿಂದುಮುಂದಾಗಿ ಕಳಿಸುವ ಜಾತಿಯದು. ಅರವತ್ತೆರಡೂವರೆ ಕಿಲೋ ಚೀಲ ಇಟ್ಟರೆ 05.2600 ಅಂತ ಬರುತ್ತದೆ. ಬಿಲ್ಲಿನಲ್ಲಿ ಐದು ಕಿಲೋ ಇನ್ನೂರ ಅರವತ್ತು ಗ್ರಾಂ! ಹಮಾಲರು ಒಂದು ವಾರ ಅದನ್ನೇ ಹೇಳಿ ನಕ್ಕರು.

ಆಗ ಇಂಟರ್‌ಫೇಸ್ ಬರೆದೆ, ಆದರೆ ತಪ್ಪಾಗಿ. ತಕ್ಕಡಿಗಳ ಕೈಪಿಡಿ ಮುಂದಿಟ್ಟುಕೊಂಡು ಅವು ಏನೇನು ಮಾಡಬಲ್ಲವೋ ಎಲ್ಲಕ್ಕೂ ಒಂದೊಂದು ಮೆಥಡ್: ಟೇರ್ (ಖಾಲಿ ಚೀಲದ ತೂಕ ಕಳೆಯುವುದು), ಜೀರೋ, ಬ್ಯಾಟರಿ, ಯೂನಿಟ್ ಬದಲು... ಹನ್ನೊಂದಾಯಿತು. ಅರ್ಧ ತಕ್ಕಡಿಗಳಿಗೆ ಅರ್ಧ ಕೆಲಸ ಬರುವುದಿಲ್ಲ. ಅಲ್ಲೆಲ್ಲ ‘ಅನ್‌ಸಪೋರ್ಟೆಡ್ ಆಪರೇಷನ್’ ಎಕ್ಸೆಪ್ಷನ್, ಅಂದರೆ ‘ಈ ಕೆಲಸ ಬರುವುದಿಲ್ಲ’ ಅನ್ನುವ ದೋಷ, ಎಸೆದು ಕೂತೆ. ವ್ಯಾಪಾರ ಜೋರಿದ್ದ ದಿನವೇ ಗುಮಾಸ್ತರು ಟೇರ್ ಒತ್ತಿದರು, ಪ್ರೋಗ್ರಾಂ ಮಲಗಿತು. ವರ್ಷಕ್ಕೆ ಹದಿನೆಂಟು ಸಾವಿರ ಕೊಡುತ್ತಿದ್ದ ಗಿರಾಕಿ ಕೈತಪ್ಪಿದ.

ಆಮೇಲೆ ಒಂದಿಡೀ ದಿನ ಇನ್ನೊಂದು ವಖಾರಿಯ ಗುಮಾಸ್ತರ ಪಕ್ಕ ಸುಮ್ಮನೆ ಕೂತೆ. ಅವರು ತಕ್ಕಡಿಯನ್ನು ಕೇಳುವುದು ಒಂದೇ ಮಾತು: ಈ ಚೀಲ ಎಷ್ಟು? ಮನೆಗೆ ಬಂದು ಹತ್ತು ಮೆಥಡ್ ಅಳಿಸಿದೆ. ಉಳಿದದ್ದು ಒಂದು: ನಿಂತ ತೂಕ ಕೊಡು, ಗ್ರಾಂನಲ್ಲಿ, ಪೂರ್ಣಾಂಕದಲ್ಲಿ. ಡಬಲ್ (ದಶಾಂಶದ ಸಂಖ್ಯೆ) ಬೇಡ, ಅದು ಕೆಲವು ದಶಾಂಶಗಳನ್ನು ಕರಾರುವಾಕ್ಕಾಗಿ ಹಿಡಿಯದೆ ಪೈಸೆ ಲೆಕ್ಕದಲ್ಲಿ ತಲೆನೋವು ತರುತ್ತದೆ.

ಅಲ್ಲೂ ಒಂದು ಪೆಟ್ಟು ತಿಂದೆ. ‘ನಿಂತ’ ಅನ್ನುವುದನ್ನು ಕಂಪೈಲರ್ (ಕೋಡ್ ತಪಾಸಿಸಿ ಓಡುವಂತೆ ಮಾಡುವ ಸಾಧನ) ನೋಡುವುದಿಲ್ಲ. ಒಂದು ತಕ್ಕಡಿ ಸಾಲಿನ ಮೊದಲಿಗೆ ‘ಎಸ್‌ಟಿ’ ಅಂದರೆ ನಿಂತಿದೆ, ‘ಯುಎಸ್’ ಅಂದರೆ ಇನ್ನೂ ಅಲುಗಾಡುತ್ತಿದೆ. ಆ ಎರಡಕ್ಷರ ನೋಡದೆ ಬರೀ ಅಂಕಿ ಕತ್ತರಿಸಿಕೊಂಡೆ. ಚೀಲ ಧೊಪ್ಪನೆ ಬಿದ್ದಾಗಿನ ತೂಕವೇ ಬಿಲ್ಲಾಯಿತು. ಆಗ ರಾಶಿ ಅಡಿಕೆ ಕ್ವಿಂಟಲಿಗೆ ನಲವತ್ತೈದು ಸಾವಿರದ ಆಸುಪಾಸು. ಎರಡು ಕಿಲೋ ಏರಿದರೆ ಚೀಲಕ್ಕೆ ಒಂಬೈನೂರು ರೂಪಾಯಿ. ಹದಿನೈದೋ ಹದಿನಾರೋ ಚೀಲ, ಸುಮಾರು ಹದಿನಾಲ್ಕು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಈಗ ಒಂದೇ ಟೆಸ್ಟ್ ಕಟ್ಟು ಇದೆ, ಯಾವ ತಕ್ಕಡಿಯ ಕ್ಲಾಸ್ ಬರೆದರೂ ಅದನ್ನು ದಾಟಿಯೇ ಬರಬೇಕು. ಎರಡಕ್ಷರ ಕಳಿಸದ ತಕ್ಕಡಿ ನಿಂತಿದೆ ಅಂತ ಹೇಗೆ ತಿಳಿಯುತ್ತೇನೆ, ಎಷ್ಟು ಸಲ ತೂಕ ಓದಿ ನೋಡುತ್ತೇನೆ ಅನ್ನುವುದನ್ನು ಮಾತ್ರ ಹೇಳಲಾರೆ. ಹೊಟ್ಟೆಪಾಡು.

ಮೆಥಡ್ ಒಂದೇ ಆದ್ದರಿಂದ ಮನೆಯಲ್ಲೇ ಪರೀಕ್ಷಿಸಲು ಬೇಕಾದ ಸುಳ್ಳು ತಕ್ಕಡಿ ಒಂದು ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಪುಟ್ಟ ಕೋಡ್ ತುಂಡಿನಲ್ಲಿ) ಮುಗಿಯುತ್ತದೆ. ಮೊದಲೆಲ್ಲ ಸಣ್ಣ ಬದಲಾವಣೆ ಪರೀಕ್ಷಿಸಲೂ ಬೈಕಿನಲ್ಲಿ ನಲವತ್ತು ಕಿಲೋಮೀಟರ್. ಪೆಟ್ರೋಲಿಗೇ ತಿಂಗಳಿಗೆ ಎರಡು ಸಾವಿರ ಉಳಿಯುತ್ತಿದೆ. ತಕ್ಕಡಿಯ ಮೇಲಿನ ಮಾಪನಶಾಸ್ತ್ರ ಇಲಾಖೆಯ ಮುದ್ರೆಯ ಅವಧಿ ಯಾವಾಗ ಮುಗಿಯುತ್ತದೆ ಅಂತ ತೋರಿಸಿ ಎಂದು ಒಬ್ಬರು ಕೇಳಿದಾಗ ಜಾವಾ 8ರ ಡೀಫಾಲ್ಟ್ ಮೆಥಡ್ (ಇಂಟರ್‌ಫೇಸ್‌ನಲ್ಲೇ ಉತ್ತರ ಬರೆದಿಟ್ಟ ಮೆಥಡ್) ಕಾಪಾಡಿತು, ಹಳೆಯ ಆರು ಕ್ಲಾಸುಗಳು ಹಾಗೇ ಕಂಪೈಲ್ ಆದವು.

ಪ್ರಿಂಟರಿಗೂ ಇದನ್ನೇ ಹಚ್ಚಹೋಗಿ ಮತ್ತೆ ಮುಗ್ಗರಿಸಿದೆ. ‘ಒಂದು ಸಾಲು ಅಚ್ಚುಮಾಡು’ ಅಂತ ಮೆಥಡ್ ಇಟ್ಟಿದ್ದೆ. ಇಂಗ್ಲಿಷಿಗೆ ಸರಿ. ನಮ್ಮ 58 ಮಿಲಿಮೀಟರ್ ಥರ್ಮಲ್ ಪ್ರಿಂಟರುಗಳಲ್ಲಿ ಕನ್ನಡದ ಅಕ್ಷರವೇ ಇಲ್ಲ. ‘ಲಕ್ಷ್ಮೀ’ ಬರಬೇಕಾದರೆ 384 ಚುಕ್ಕಿ ಅಗಲದ ಚಿತ್ರ ಮಾಡಿ ಕಳಿಸಬೇಕು. ಕೊನೆಗೆ ಇಡೀ ಬಿಲ್ಲನ್ನೇ ಕೊಟ್ಟು, ಅಕ್ಷರವೋ ಚಿತ್ರವೋ ನೀನೇ ನೋಡಿಕೋ ಅಂದೆ. ಗೋ ಭಾಷೆಯಲ್ಲೂ ಒಂದು ವಾರ ಆಡಿದೆ. ಇದು ಈ ಇಂಟರ್‌ಫೇಸ್ ಪಾಲಿಸುತ್ತದೆ ಅಂತ ಹೇಳಲು ಜಾವಾದಂತೆ ಇಂಪ್ಲಿಮೆಂಟ್ಸ್ ಅಂತ ಬರೆಯುವ ಗೋಜೇ ಇಲ್ಲದ್ದು ಚೆಂದ ಕಂಡಿತು, ಆದರೆ ಯಾವ ಟೈಪ್ ತಕ್ಕಡಿ ಅಂತ ಹುಡುಕುವುದು ನನಗೆ ಒಗ್ಗಲಿಲ್ಲ.

ಕಳೆದ ತಿಂಗಳು ಏಳನೆಯದು ಬಂತು, ಬ್ಲೂಟೂತ್ ತಕ್ಕಡಿ. ಕ್ಲಾಸ್ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಪೇರಿಂಗ್ ಆಗಲು ಸಂಜೆಯಾಯಿತು. ಆ ಗೆಳೆಯನೂ ಈಗ ಅಕ್ಕಿ ಗಿರಣಿಗೆ ಬಿಲ್ಲಿಂಗ್ ಮಾಡುತ್ತಾನಂತೆ, ‘ತೂಕ ನಿಲ್ಲೋದನ್ನ ಹೆಂಗೆ ಹಿಡೀತೀಯ ಮಾರಾಯ’ ಅಂತ ಫೋನ್ ಮಾಡಿದ್ದ. ಓಡಿಸಲು ಸಿದ್ಧವಾದ ಜಾರ್ ಫೈಲ್ ಕಳಿಸಿದೆ, ಗುಟ್ಟು ತಿಳಿಯುವ ಸೋರ್ಸ್ (ಮೂಲ ಕೋಡ್) ಕಳಿಸಲಿಲ್ಲ.