ಕೊಯ್ದ ತಿಂಗಳಲ್ಲೇ ಸೂರ್ಯಪಾನ (ಸೂರ್ಯಕಾಂತಿ) ಬೀಜ ಮೊಳೆಸಿದ್ದು: ನನ್ನ ಅನುಭವ

ಕುಷ್ಟಗಿ ಕಡೆ ಎರೆಹೊಲ ಇದ್ದವರಿಗೆ ಈ ತೊಂದರೆ ಗೊತ್ತೇ ಇದೆ. ಮುಂಗಾರಿನ ಮಾರ್ಡನ್ ತಳಿಯ ಸೂರ್ಯಪಾನ ಸೆಪ್ಟೆಂಬರಿನಲ್ಲಿ ಕೈಗೆ ಬರುತ್ತದೆ. ಹಸ್ತ ಮಳೆ ಬಿದ್ದರೆ ಅದೇ ಬೀಜ ಬಿತ್ತುವ ಆಸೆ. ಆದರೆ ಹೊಸ ಬೀಜ ಸುಮಾರು 45 ದಿನ ಸರಿಯಾಗಿ ಏಳುವುದಿಲ್ಲ. ಒಳಗಿನ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಮೊಳಕೆಯನ್ನು ಹಿಡಿದಿಡುತ್ತದೆ. ಆ ಹಿಡಿತ ಸಡಿಲಿಸಲು ಎಥಿಲಿನ್ ಅನ್ನೋ ಗ್ಯಾಸು ಬೇಕು. ಹಣ್ಣು ಮಾಗಿಸಲು ಬಳಸುವ ಎಥ್ರೆಲ್ ಬಾಟಲಿ ಕೊಡುವುದು ಅದನ್ನೇ.

"ಹಣ್ಣು ಮಾಗಿಸೋ ಔಷಧದಾಗ ಬೀಜ ನೆನಸ್ತೀಯೇನೋ ತಮ್ಮಾ?" ಅಂತ ಪಕ್ಕದ ಹೊಲದ ಕಾಕಾ ನಕ್ಕಿದ್ದರು. ಮೊದಲ ವರ್ಷ ಅವರೇ ಗೆದ್ದರು. ಲೀಟರಿಗೆ ಅರ್ಧ ಎಂಎಲ್ ಲೆಕ್ಕ ಸರಿಯಾಗಿತ್ತು, ನೀರು ಕೈಕೊಟ್ಟಿತು. ಎಥ್ರೆಲ್ ಹುಳಿ ನೀರಿನಲ್ಲಷ್ಟೇ ತಾಳುತ್ತದೆ. ನಮ್ಮ ಬೋರ್ ನೀರಿನಲ್ಲಿ ಕ್ಷಾರ ಜಾಸ್ತಿ. ಸಂಜೆ ಕಲಸಿಟ್ಟಿದ್ದು ಬೆಳಗಾಗುವಷ್ಟರಲ್ಲಿ ಬಹಳಷ್ಟು ಗ್ಯಾಸಾಗಿ ಹಾರಿಹೋಗಿರಬೇಕು. ಗೋಣಿತಾಟಿನಲ್ಲಿ ಸುತ್ತಿಟ್ಟ 100 ಬೀಜದಲ್ಲಿ 30ರ ಆಸುಪಾಸು ಮೊಳೆತವು. ಹೈಬ್ರಿಡ್ ಪಾಕೀಟು ತಂದು ಬಿತ್ತಿದ್ದಕ್ಕೆ ಕೂಲಿ ಸೇರಿ 7,000 ರೂಪಾಯಿ ಹೋಗಿರಬೇಕು.

ಈಗ ಬೋರ್ ನೀರು ಬಿಟ್ಟು ಕೃಷಿಹೊಂಡದ ಮಳೆನೀರು ಬಳಸುತ್ತೇನೆ. ಕಲಸಿದ ಕೂಡಲೇ ಬೀಜ ಸುರಿದು, ಡ್ರಮ್ಮಿನ ಮುಚ್ಚಳ ಬಿಗಿಯುತ್ತೇನೆ. 8 ತಾಸು ಸಾಕು. ಆಮೇಲೆ ನೆರಳಲ್ಲಿ ಮೊದಲಿನ ತೂಕಕ್ಕೆ ಬರುವ ತನಕ ಆರಿಸಬೇಕು, ಇಲ್ಲಾಂದ್ರೆ ಕೂರಿಗೆಯಲ್ಲಿ ಅಂಟುತ್ತದೆ. ಗ್ಲೌಸು ಬೇಕೇ ಬೇಕು, ಚರ್ಮ ಸುಡುತ್ತದೆ. ನೀರಿಗೆ ಮೊದಲೇ ಇನ್ನೊಂದು ವಸ್ತು ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ಹೊಲಕ್ಕೆ ಬಂದವರಿಗೆ ಹೇಳುವೆ! ಈಗ ನೂರಕ್ಕೆ 80 ದಾಟುತ್ತದೆ. 200 ರೂಪಾಯಿ ಹತ್ತಿರದ ಸಣ್ಣ ಬಾಟಲಿ ಇಡೀ ಓಣಿಗೆ ಸಾಕು. ಹೋದ ಹಿಂಗಾರಿಗೆ ಕಾಕಾ ಡ್ರಮ್ಮು ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.

ಹಸಿ ಕಡಿಮೆ ಇರುವ ಹೊಲಕ್ಕೆ ಮಾತ್ರ ಇದು ಬೇಡ. ಬರದಲ್ಲಿ ಎಲೆಯ ರಂಧ್ರ ಮುಚ್ಚಿಸಿ ನೀರು ಉಳಿಸುವುದೂ ಅದೇ ಅಬ್ಸಿಸಿಕ್ ಆಮ್ಲ. ಅದು ಸುಮ್ನೆ ಬೀಜದಲ್ಲಿ ಕೂತಿರುವುದಲ್ಲ. ನೆನೆಸಿದ ಬೀಜ ತುಸು ತೇವ ಕಂಡರೂ ಮೊಳೆತುಬಿಡುತ್ತದೆ, ಮೇಲ್ಮಣ್ಣು ಆರಿದರೆ ಅಲ್ಲೇ ಸಾಯುತ್ತದೆ. ದಿಬ್ಬದ ತುಂಡಿನಲ್ಲಿ ನೆನೆಸದ ಬೀಜವೇ ಉಳಿದು, ಚಿತ್ತಿ ಮಳೆಗೆ ಎದ್ದಿತು.

ಬರ ತಾಳಲಿ ಅಂತ ಹಿಂಗಾರಿ ಜೋಳಕ್ಕೆ ಸ್ಯಾಲಿಸಿಲಿಕ್ ಆಮ್ಲವನ್ನೂ ಹೊಡೆದು ನೋಡಿದೆ, ಲೀಟರಿಗೆ 100 ಮಿಲಿಗ್ರಾಂ. ತಣ್ಣೀರಲ್ಲಿ ಸರಿಯಾಗಿ ಕರಗಲ್ಲ, ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಬೇಕು. ಹೊಡೆದ ಸಾಲುಗಳ ಎಲೆ ಮಧ್ಯಾಹ್ನ ತಡವಾಗಿ ಸುರುಳಿಯಾದವು. ತೆನೆಯ ತೂಕದಲ್ಲಿ ಅಂಥ ಫರಕು ಕಾಣಲಿಲ್ಲ. ಪಂಪು ಹೊತ್ತ ಆಳಿನ ಕೂಲಿಯೂ ಹುಟ್ಟಲಿಲ್ಲ, ಬಿಟ್ಟೆ.